ನೀನು ಎಂಬ ಯಂತ್ರ

ಆಟದ ಸಾಮಾನು ಎಂದರೆ ಮಕ್ಕಳು ಆಡುವ ಸಾಮಾನು ಎಂದು ನಂಬಿದ್ದ ಕಾಲದಲ್ಲಿ ಬೆಳೆದವನು ನಾನು. ಈಗ ಹಾಗಲ್ಲ. ಈಗ ಸಾಮಾನು ತಾನೇ ಆಡುತ್ತದೆ, ಮಗು ಕೈಕಟ್ಟಿ ನೋಡುತ್ತದೆ, ದುಡ್ಡು ಕೊಟ್ಟವನು ನೆಲದ ಮೇಲೆ ಬೋರಲು ಬಿದ್ದು ಅದರ ಕಳೆದುಹೋದ ಸ್ಕ್ರೂ ಹುಡುಕುತ್ತಾನೆ. ಇದಕ್ಕೆ ವಿಜ್ಞಾನ ಎಂದು ಹೆಸರು. ನಮ್ಮ ಕಾಶಿಯಲ್ಲಿ ಅರಗಿನ ಬಣ್ಣ ಹಚ್ಚಿದ ಮರದ ಆಟಿಕೆ ಮಾಡುವವರು ಇನ್ನೂ ಇದ್ದಾರೆ. ಅವರು ಮಾಡಿದ ಬುಗುರಿಯನ್ನು ಚಾರ್ಜಿಗೆ ಹಾಕಬೇಕಾಗಿಲ್ಲ, ಅದರ ಜೊತೆ ನಾಲ್ಕು ಭಾಷೆಯ ಪುಸ್ತಕ ಬರುವುದಿಲ್ಲ, ಮುರಿದರೆ ಒಲೆಗಾದರೂ ಆಗುತ್ತದೆ. ರೋಬೋಟು ಮುರಿದರೆ ಒಲೆಗೂ ಬರುವುದಿಲ್ಲ, ರದ್ದಿಯವನು ಕೂಡ ತೂಕಕ್ಕೆ ಹಾಕಿಕೊಳ್ಳುವುದಿಲ್ಲ. ಕೇಳಿ ನೋಡಿದ್ದೇನೆ.

ಇದನ್ನು ಹೊಟ್ಟೆಕಿಚ್ಚಿನ ಮಾತು ಎಂದುಕೊಳ್ಳಬೇಡಿ. ವಸ್ತುವಿನ ಬೆಲೆ ತಿಳಿದವನ ಮಾತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಂಜನಗೂಡಿನ ಕಡೆಯಿಂದ ಇಲ್ಲಿಯ ಒಂದು ಛತ್ರಕ್ಕೆ ಅನ್ನ ಬಸಿಯುವ ಕೆಲಸಕ್ಕೆ ಬಂದವನು ನಾನು. ಇವತ್ತು ಕೇದಾರ ಘಾಟಿನ ಮೇಲಿನ ಗಲ್ಲಿಯಲ್ಲಿ ಏಳು ಕೋಣೆಗಳ ಲಾಡ್ಜು ನನ್ನದು, ಮನೆಯೂ ಅದರಲ್ಲೇ. ಯಾರೂ ಕೊಟ್ಟದ್ದಲ್ಲ, ಇಟ್ಟಿಗೆಯಿಂದ ಹಿಡಿದು ಕೊಳಾಯಿಯವರೆಗೆ ಚೌಕಾಸಿ ಮಾಡಿ ಕಟ್ಟಿಸಿದ್ದು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಕೋಣೆಯ ಜೊತೆ ನನ್ನ ಸಲಹೆ ಪುಕ್ಕಟೆ. ದೋಣಿಯವನು ಹೇಳಿದ್ದರಲ್ಲಿ ಅರ್ಧಕ್ಕೆ ಕೇಳಿ. ಸೀರೆ ಅಂಗಡಿಯವನು ಕೊಡುವ ಚಹಾ ಕುಡಿಯಬೇಡಿ, ಕುಡಿದರೆ ದಾಕ್ಷಿಣ್ಯಕ್ಕೆ ಬೀಳುತ್ತೀರಿ. ತಾಮ್ರದ ಗಿಂಡಿಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿ. ಸಲಹೆ ಕೇಳದವರಿಗೂ ಕೊಡುತ್ತೇನೆ, ಅವರಿಗೇ ಅದು ಹೆಚ್ಚು ಬೇಕಾಗಿರುತ್ತದೆ.

ಎರಡು ವರ್ಷದ ಹಿಂದಿನವರೆಗೂ ನಮ್ಮ ಗಲ್ಲಿಯ ದೋಸೆ ಅಂಗಡಿಯ ಮಹಡಿಯಲ್ಲಿ ಹಾರ್ಮೋನಿಯಂ ಪಾಠ ನಡೆಯುತ್ತಿತ್ತು. ಈಗ ಅಲ್ಲಿ ರೋಬೋಟಿಕ್ಸ್ ಕ್ಲಾಸಿನ ಬೋರ್ಡು ತೂಗುತ್ತಿದೆ. ಒಂದು ದಿನ ಹತ್ತಿ ನೋಡಿ ಬಂದೆ. ಒಂದು ಯಂತ್ರ ನೆಲಕ್ಕೆ ಅಂಟಿಸಿದ ಕಪ್ಪು ಪಟ್ಟಿಯ ಮೇಲೆಯೇ ನಡೆಯುತ್ತದಂತೆ, ಆಚೀಚೆ ಹೋಗುವುದಿಲ್ಲವಂತೆ. ಕಾಶಿಯಲ್ಲಿ ಗೆರೆಯ ಮೇಲೆ ನಡೆಯುವುದನ್ನು ಕಲಿತು ಯಾರಿಗೇನಾಗಬೇಕು. ಇಲ್ಲಿ ರಿಕ್ಷಾ ಗೆರೆಯ ಮೇಲೆ ಹೋಗುವುದಿಲ್ಲ, ಎಮ್ಮೆ ಹೋಗುವುದಿಲ್ಲ, ಮಳೆಗಾಲ ಬಂದರೆ ಗಂಗೆಯೇ ಗೆರೆ ದಾಟಿ ಮೆಟ್ಟಿಲು ಹತ್ತುತ್ತಾಳೆ. ಇನ್ನೊಂದು ಯಂತ್ರ ಎದುರಿಗೆ ಏನಾದರೂ ಅಡ್ಡ ಬಂದರೆ ಗುರುತು ಹಿಡಿದು ಹಿಂದಕ್ಕೆ ತಿರುಗುತ್ತದೆ. ಅದನ್ನು ನಮ್ಮ ಗಲ್ಲಿಗೆ ಬಿಟ್ಟರೆ ಜನ್ಮದಲ್ಲಿ ಹೊಸ್ತಿಲು ದಾಟುವುದಿಲ್ಲ. ಗೂಳಿಗೂ ಗೋಡೆಗೂ ನಡುವೆ ಹೊಟ್ಟೆ ಒಳಕ್ಕೆಳೆದುಕೊಂಡು ನುಸುಳುವುದೇ ಇಲ್ಲಿಯ ವಿದ್ಯೆ. ಮೂರನೆಯದು ಒಂದು ನಾಯಿ. ಕೂರು ಎಂದರೆ ಕೂರುತ್ತದೆ, ಬಾಲ ಅಲ್ಲಾಡಿಸುತ್ತದೆ. ಬೆಲೆ ಕೇಳಿ ನನಗೆ ನಗು ಬಂತು. ನಮ್ಮ ಮೆಟ್ಟಿಲ ಮೇಲೆ ಹನ್ನೊಂದು ನಾಯಿಗಳಿವೆ, ಸೆಲ್ಲು ಕೇಳುವುದಿಲ್ಲ, ಒಂದು ಬಿಸ್ಕತ್ತಿಗೆ ಎಲ್ಲವೂ ಒಟ್ಟಿಗೆ ಬಾಲ ಅಲ್ಲಾಡಿಸುತ್ತವೆ.

ಹೀಗೆ ಎಲ್ಲರೆದುರು ಹೀಗಳೆದು ಓಡಾಡುತ್ತಿದ್ದವನ ಮನೆಗೇ ಅದು ಬಂತು. ನನ್ನ ಮೊಮ್ಮಗಳು ಗೌರಿ ಆರನೆಯ ಕ್ಲಾಸು. ಮಗ, ಸೊಸೆ ಇಡೀ ದಿನ ಲಾಡ್ಜಿನ ಕೌಂಟರಿನಲ್ಲಿರುತ್ತಾರೆ, ಹುಡುಗಿ ಬೆಳೆದದ್ದು ನನ್ನ ಮತ್ತು ನಮ್ಮಾಕೆ ಜಯಮ್ಮನ ಕೈಯಲ್ಲಿ. ಅವಳ ಕನ್ನಡ ಅರ್ಧ ಮನೆಯದು, ಅರ್ಧ ಗಲ್ಲಿಯದು. ಒಂದು ಸಂಜೆ ಬಂದು ನನ್ನ ಎದುರು ಕೂತಳು.

"ತಾತ, ಸ್ಕೂಲಲ್ಲಿ ರೋಬೋಟ್ ಪ್ರದರ್ಶನಿ ಇದೆ. ಯಾರ ರೋಬೋಟ್ ನೀರಿನ ಲೋಟಾನ ನೆಲದ ಮೇಲೆ ಬರೆದ ಒಂದು ಗೋಲದಿಂದ ಇನ್ನೊಂದು ಗೋಲಕ್ಕೆ ಚೆಲ್ಲದೆ ತಗೊಂಡು ಹೋಗತ್ತೋ ಅವರನ್ನ ಟೀಮಿಗೆ ಹಾಕ್ತಾರೆ. ನಾಲ್ಕೇ ಜನ. ಲಖನೌಗೆ ಹೋಗ್ತಾರೆ."

"ಲಖನೌದಲ್ಲಿ ನೀರಿಲ್ಲವೇನೇ, ಇಲ್ಲಿಂದ ಲೋಟದಲ್ಲಿ ಸಾಗಿಸೋದಕ್ಕೆ?"

ಅವಳು ನಗಲಿಲ್ಲ. "ಹೋದ ವರ್ಷ ನಂಗೆ ಚಾರ್ಟ್ ಪಕಡ್ಕೊಂಡು ನಿಲ್ಲೋ ಕೆಲಸ ಕೊಟ್ರು. ಮೂರು ಗಂಟೆ. ಎಲ್ರೂ ಚಾರ್ಟ್ ನೋಡಿದ್ರು, ಯಾರೂ ನನ್ನ ನೋಡಲಿಲ್ಲ."

ಎದ್ದು ಚಪ್ಪಲಿ ಮೆಟ್ಟಿದೆ.

ಗೋದೌಲಿಯಾ ಚೌಕದ ಹಿಂದಿನ ಗಲ್ಲಿಯಲ್ಲಿ ಜೈಸ್ವಾಲ್ ಎಂಬವನ ಅಂಗಡಿ. ಮೊದಲು ಟಾರ್ಚು, ರೇಡಿಯೋ ಮಾರುತ್ತಿದ್ದವನು ಈಗ ಮಕ್ಕಳ ಭವಿಷ್ಯ ಮಾರುತ್ತಾನೆ. ಬಾಯಿತುಂಬ ಪಾನ್ ಇಟ್ಟುಕೊಂಡು ಒಂದೊಂದೇ ಪೆಟ್ಟಿಗೆ ಇಳಿಸಿದ. ಎಲ್ಲದರ ಮೇಲೂ ಹಲ್ಲು ಬಿಟ್ಟು ನಗುವ ಮಗುವಿನ ಚಿತ್ರ, ಒಳಗೆ ಆ ಮಗುವನ್ನು ಅಳಿಸುವಷ್ಟು ಸಣ್ಣ ಸಣ್ಣ ತುಂಡುಗಳು. ನಿಮಗೆ ನನ್ನ ಸಲಹೆ: ಇಂಥ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಚ್ಚಿಸಿ ಸ್ಕ್ರೂ ಎಣಿಸಿ. ನಾನು ಎಣಿಸಿದೆ. ಎರಡು ಕಡಿಮೆ ಇತ್ತು, ಕೊಡಿಸಿಕೊಂಡೆ. ಅದು ನಾಲ್ಕು ಚಕ್ರದ ಗಾಡಿ, ಮೇಲೊಂದು ತಟ್ಟೆ, ಮುಂದೆ ಎರಡು ಕಣ್ಣು, ನಡುವೆ ನೀಲಿ ದೀಪ. ರಿಮೋಟಿನಿಂದಲೂ ನಡೆಯುತ್ತದೆ, ಬಾಯಿಮಾತಿನಿಂದಲೂ ನಡೆಯುತ್ತದೆ ಎಂದ. ಹೆಸರು ಹಿಡಿದು ಕರೆಯಬೇಕು, ನೀಲಿ ದೀಪ ಹತ್ತುತ್ತದೆ, ಆಮೇಲೆ ಹಿಂದಿಯಲ್ಲಿ ಆಗೇ ಎಂದರೆ ಒಂದು ಮೊಳ ಮುಂದೆ, ಪೀಛೇ ಎಂದರೆ ಹಿಂದೆ, ದಾಯೇಂ ಎಂದರೆ ಬಲಕ್ಕೆ, ಬಾಯೇಂ ಎಂದರೆ ಎಡಕ್ಕೆ.

ನನ್ನ ತಲೆ ಓಡಿತು. ಬಾಯಿಮಾತಿನಿಂದ ನಡೆಯುವುದಾದರೆ ರಿಮೋಟು ಯಾಕೆ. ಬಾಯಿ ದೇವರು ಕೊಟ್ಟದ್ದು, ಅದಕ್ಕೆ ಸೆಲ್ಲೂ ಬೇಡ.

"ರಿಮೋಟು ನೀನೇ ಇಟ್ಟುಕೋ, ಅದರ ಬೆಲೆ ಇಳಿಸು" ಎಂದೆ.

ಜೈಸ್ವಾಲ್ ಪಾನ್ ಅಗಿಯುವುದನ್ನು ನಿಲ್ಲಿಸಿದ. ಅವನ ಹದಿನೈದು ವರ್ಷದ ವ್ಯಾಪಾರದಲ್ಲಿ ಹೀಗೆ ಕೇಳಿದವನು ನಾನೊಬ್ಬನೇ ಎಂದು ಆ ಮುಖವೇ ಹೇಳುತ್ತಿತ್ತು. "ಸೋಚ್ ಲೋ ಗುರು" ಎಂದ, ಯೋಚನೆ ಮಾಡು ಎಂದು. ನಾನು ಯೋಚಿಸುವುದು ಮುಗಿದಿತ್ತು. ಬೆಲೆ ಇಳಿಯಿತು.

"ಇದರ ಹೆಸರೇನು?" ಎಂದು ಕೇಳಿದೆ.

"ನೀನು" ಎಂದ.

ಒಂದು ಕ್ಷಣ ನನ್ನನ್ನೇ ಎಂದುಕೊಂಡೆ. ಅವನಿಗೆ ಕನ್ನಡ ಬರುವುದಿಲ್ಲ. ಟೀನು, ಮೀನು ಎಂದು ಈ ಕಡೆ ಮಕ್ಕಳನ್ನು ಮುದ್ದಿಗೆ ಕರೆಯುತ್ತಾರಲ್ಲ, ಹಾಗೆ ಕಂಪನಿಯವರು ಇಟ್ಟ ಹೆಸರು. ನಾನು ನಕ್ಕೆ. ದಾರಿಯುದ್ದಕ್ಕೂ ನಗುತ್ತಲೇ ಬಂದೆ. ಚೌಕಾಸಿ ಮಾಡುವಾಗ ಇರುವ ಬುದ್ಧಿ ಚೌಕಾಸಿ ಮುಗಿದ ಮೇಲೂ ಇದ್ದಿದ್ದರೆ ಅಲ್ಲಿಂದಲೇ ವಾಪಸು ಹೋಗುತ್ತಿದ್ದೆ.

ಗೌರಿ ಎರಡು ದಿನದಲ್ಲಿ ಅದನ್ನು ಜೋಡಿಸಿದಳು. ಪೆಟ್ಟಿಗೆಯ ಮೇಲೆ ಎಂಟು ವರ್ಷ ಮೇಲ್ಪಟ್ಟವರಿಗೆ ಎಂದಿತ್ತು, ನನಗೆ ಅರವತ್ತೊಂದು, ನನ್ನಿಂದ ಒಂದು ಚಕ್ರವೂ ಕೂರಲಿಲ್ಲ, ಆ ಮಾತು ಬಿಡಿ. ಮೂರನೆಯ ದಿನ ಅದನ್ನು ಅಡುಗೆಮನೆಯ ಮುಂದಿನ ನಡುಮನೆಯಲ್ಲಿ ಇಟ್ಟು, ಜಯಮ್ಮನ ಎದುರು ಜಡೆ ಹಾಕಿಸಿಕೊಳ್ಳಲು ಕೂತಳು. ಜಯಮ್ಮ ಎಂದಿನಂತೆ ತಲೆಗೊಂದು ಮೊಟಕಿ, "ನೀನು ಹಾಗೇ ಕೂತಿರು, ಅಲ್ಲಾಡಬೇಡ" ಎಂದಳು. ನೀಲಿ ದೀಪ ಹತ್ತಿತು. ಗಾಡಿ ಒಂದು ಮೊಳ ಮುಂದಕ್ಕೆ ಹೋಗಿ ಹುಳಿಯ ಪಾತ್ರೆಗೆ ಗುದ್ದಿ ನಿಂತಿತು.

ಯಾರೂ ಕರೆಯದೆ ಅದು ಹೇಗೆ ಹೋಯಿತು ಎಂದು ನಾವು ಮೂವರೂ ನೋಡಿದೆವು. "ನೋಡಿದ್ರಾ ರೀ, ನೀವು ತಂದ ಸಾಮಾನು, ಮೊದಲನೇ ದಿನವೇ ಹುಳಿಗೆ ಬಾಯಿ ಹಾಕ್ತು" ಎಂದು ಜಯಮ್ಮ ಶುರು ಮಾಡಿದಳು. ನನಗೆ ರೇಗಿತು. "ನೀನು ಬಾಯಿ ಮುಚ್ಚು" ಎಂದೆ. ನೀಲಿ ದೀಪ ಹತ್ತಿತು. ಗಾಡಿ ಎಡಕ್ಕೆ ತಿರುಗಿ ನನ್ನನ್ನೇ ನೋಡುತ್ತ ನಿಂತಿತು.

ಗೌರಿಗೆ ಮೊದಲು ಹೊಳೆಯಿತು. ನೀನು ಎಂದರೆ ಅದರ ಹೆಸರು. ಹಾಗೇ ಎಂದರೆ ಅದರ ಕಿವಿಗೆ ಆಗೇ. ಬಾಯಿ ಎಂದರೆ ಬಾಯೇಂ. ಒಂದು ಕನ್ನಡದ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಆಡುವ ಮಾತೆಲ್ಲ ಸೋಸಿದರೆ ಕೊನೆಗೆ ಉಳಿಯುವುದು ಇವೆರಡೇ: ನೀನು ಹಾಗೇ ಇರು, ನೀನು ಬಾಯಿ ಮುಚ್ಚು. ಹಿಂದಕ್ಕೆ ಹೋಗು, ಬಲಕ್ಕೆ ತಿರುಗು ಎಂದು ಅದಕ್ಕೆ ಕೇಳಿಸುವಂಥ ಮಾತು ನಮ್ಮಲ್ಲಿ ಯಾರೂ ಆಡುವುದಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಅದು ಮುಂದಕ್ಕೆ ಹೋಗುವುದನ್ನೂ ಎಡಕ್ಕೆ ತಿರುಗುವುದನ್ನೂ ಮಾತ್ರ ಚೆನ್ನಾಗಿ ಅಭ್ಯಾಸ ಮಾಡಿತು. ಗೌರಿ ಅದಕ್ಕೆ ಒಂದು ಬಲ ತಿರುವು ಹೇಳಿಕೊಡುವಷ್ಟರಲ್ಲಿ ಯಾರೋ ಯಾರನ್ನೋ ನೀನು ಎನ್ನುತ್ತಿದ್ದರು, ಲೋಟದ ನೀರು ನೆಲದ ಪಾಲಾಗುತ್ತಿತ್ತು. ಮಹಡಿಯ ಮೇಲೆ ಒಯ್ದರೆ ಕೋತಿಗಳು. ಒಂದು ದೊಡ್ಡ ಗಂಡುಕೋತಿ ಅದನ್ನು ಆಗಲೇ ಒಂದು ಸಲ ಎತ್ತಿ ಮೂಸಿ, ತಿನ್ನಲು ಯೋಗ್ಯವಲ್ಲ ಎಂದು ಬಿಟ್ಟಿತ್ತು. ಈ ವಿಷಯದಲ್ಲಿ ಅದಕ್ಕೂ ನನಗೂ ಒಂದೇ ಅಭಿಪ್ರಾಯ.

ಮಾನ ಬಿಟ್ಟು ಜೈಸ್ವಾಲನ ಹತ್ತಿರ ಹೋದೆ. "ರಿಮೋಟು ಹೋಯಿತಲ್ಲ ಗುರು, ಮರುದಿನವೇ ಯಾರೋ ತಗೊಂಡರು. ಬೇಡ ಎಂದವರು ನೀವೇ ಅಲ್ಲವೇ" ಎಂದು ಪಾನ್ ತುಂಬಿದ ಬಾಯಲ್ಲೇ ನಕ್ಕ. ಈ ಮಾತನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಆದರೆ ಗೌರಿಗೆ ತಿಳಿದಿತ್ತು. ಪೆಟ್ಟಿಗೆಯಲ್ಲಿ ರಿಮೋಟಿನ ಆಕಾರದ ಖಾಲಿ ಗುಳಿ ಇತ್ತು. ಅವಳು ಅದನ್ನು ನನಗೆ ತೋರಿಸಲೂ ಇಲ್ಲ, ಕೇಳಲೂ ಇಲ್ಲ. ಕೇಳಿದ್ದರೆ ವಾದ ಮಾಡಬಹುದಿತ್ತು.

ಬದಲಿಗೆ ಅವಳು ಒಂದು ಕಾನೂನು ಮಾಡಿದಳು. "ಪ್ರದರ್ಶನಿ ಮುಗಿಯೋ ತನಕ ಈ ಮನೇಲಿ ಯಾರೂ ಯಾರಿಗೂ ನೀನು ಅನ್ನೋ ಹಾಗಿಲ್ಲ. ಎಲ್ರೂ ಎಲ್ರಿಗೂ ನೀವು."

"ನಾನು ನಿಂಗೂ ನೀವು ಅನ್ನಬೇಕೇನೇ, ಪುಟಾಣಿ?" ಎಂದಳು ಜಯಮ್ಮ.

"ಹೌದು ಅಜ್ಜಿ. ತಾತ ನಿಮಗೂ ಅನ್ನಬೇಕು."

ಜಯಮ್ಮ ನನ್ನ ಕಡೆ ನೋಡಿದಳು. ಮದುವೆಯಾಗಿ ಮೂವತ್ತೇಳು ವರ್ಷ. ಅವಳು ನನಗೆ ರೀ, ನೀವು. ನಾನು ಅವಳಿಗೆ ಲೇ, ನೀನು. ನಮ್ಮ ಕಡೆ ಇದನ್ನು ಯಾರೂ ಬರೆದಿಟ್ಟಿಲ್ಲ, ಬರೆದಿಡುವ ಅಗತ್ಯವೂ ಬಿದ್ದಿಲ್ಲ. ಮರುದಿನ ಬೆಳಿಗ್ಗೆ ಗಂಟಲು ಸರಿಮಾಡಿಕೊಂಡು, "ಜಯಾ, ನೀವು ಕಾಫಿ ಕೊಡ್ತೀರಾ?" ಎಂದೆ. ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಇನ್ನೊಂದು ಸಲ ಹೇಳಿ" ಎಂದಳು. ಹೇಳಿದೆ. ಆ ದಿನ ಕಾಫಿಗೆ ಡಿಕಾಕ್ಷನ್ ಗಟ್ಟಿಯಾಗಿತ್ತು. ಮಧ್ಯಾಹ್ನ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಜಗಳ ಮಾತ್ರ ಸಪ್ಪೆಯಾಯಿತು. ನಿಮಗೆ ಬುದ್ಧಿ ಇದೆಯೇ ಎಂದು ಕೇಳಿದರೆ ಬೈದಂತೆಯೇ ಆಗುವುದಿಲ್ಲ, ಇದೆ ಎನ್ನುವ ಉತ್ತರಕ್ಕೆ ಕಾದಂತೆ ಆಗುತ್ತದೆ.

ಮಠದಲ್ಲಿ, ಛತ್ರದಲ್ಲಿ, ನಾನು ನೀನು ಎಂಬ ಭೇದ ಅಳಿಯಬೇಕು ಎಂದು ಪ್ರವಚನ ಕೇಳಿ ಕೇಳಿ ನನಗೆ ನಿದ್ದೆ ಬಂದದ್ದಿದೆ. ಯಾವ ಸ್ವಾಮಿಗಳಿಂದಲೂ ಆಗದ್ದು ಒಂದು ಪ್ಲಾಸ್ಟಿಕ್ ಗಾಡಿಯಿಂದ ಆಯಿತು, ನಮ್ಮ ಮನೆಯಲ್ಲಿ ನೀನು ಅಳಿಯಿತು. ನಾನು ಮಾತ್ರ ಉಳಿದೆ. ಲಾಡ್ಜಿನ ಯಾತ್ರಿಕರ ಕಾಟ ತಪ್ಪಿಸಲು ಮಗ ಮೊಗಸಾಲೆಯಲ್ಲಿ ಒಂದು ಚೀಟಿ ಅಂಟಿಸಿದ: ದಯವಿಟ್ಟು ಇಲ್ಲಿ ಯಾರನ್ನೂ ನೀನು ಎನ್ನಬೇಡಿ. ತುಮಕೂರಿನ ಕಡೆಯ ಒಬ್ಬ ಅತ್ತೆ ಇದನ್ನು ಕಾಶಿ ಕ್ಷೇತ್ರದ ನಿಯಮ ಎಂದು ತಿಳಿದು, ಮೂರು ದಿನವೂ ಸೊಸೆಯನ್ನು ನೀವು, ಬನ್ನಿ, ಕೂತುಕೊಳ್ಳಿ ಎಂದೇ ಮಾತಾಡಿಸಿದರು. ಹೊರಡುವಾಗ ಆ ಸೊಸೆ ಯಾರೂ ಇಲ್ಲದಾಗ ಬಂದು, "ಇದನ್ನ ಊರಲ್ಲೂ ಪಾಲಿಸಬೇಕು ಅಂತ ಒಂದು ಮಾತು ಹೇಳಿಬಿಡಿ ಸಾರ್" ಎಂದು ಕೈಮುಗಿದಳು. ಹೇಳಿದೆ. ಸಲಹೆ ಕೊಡುವುದರಲ್ಲಿ ನಾನು ಜಿಪುಣನಲ್ಲ.

ಪ್ರದರ್ಶನಿಯ ದಿನ ಗೌರಿ ನನಗೆ ಎಚ್ಚರಿಕೆ ಕೊಟ್ಟೇ ಕರೆದುಕೊಂಡು ಹೋದಳು. ಅಲ್ಲಿ ಎಲ್ಲರೂ ಹಿಂದಿಯವರು, ಹಿಂದಿಯಲ್ಲಿ ಯಾರೂ ಯಾರನ್ನೂ ನೀನು ಎನ್ನುವುದಿಲ್ಲ. ಇಡೀ ಹಾಲಿನಲ್ಲಿ ಆ ಗಾಡಿಯ ತಲೆ ಕೆಡಿಸಬಲ್ಲವರು ತಾತ ಮತ್ತು ಅಜ್ಜಿ ಮಾತ್ರ. "ನೀವಿಬ್ರೂ ಬಾಯಿ ತೆಗೀಬೇಡಿ" ಎಂದಳು. ಮಾತಿನಿಂದಲೇ ಅನ್ನ ಸಂಪಾದಿಸಿದವನನ್ನು ಗೋಡೆಗೆ ಒರಗಿಸಿ ಮೂಕನಾಗಿ ನಿಲ್ಲಿಸಿದಳು. ಪಕ್ಕದಲ್ಲಿ ಒಬ್ಬ ತಂದೆ ತನ್ನ ಮಗನ ರೋಬೋಟಿಗೆ ತಾನು ಕೊಟ್ಟ ಬೆಲೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಅದರಲ್ಲಿ ಮೂರನೆಯ ಒಂದು ಭಾಗಕ್ಕೆ ಕೊಡಿಸುತ್ತಿದ್ದೆ ಎಂಬ ಮಾತು ಗಂಟಲವರೆಗೆ ಬಂತು. ನುಂಗಿದೆ.

ಒಬ್ಬೊಬ್ಬರದೇ ಆಯಿತು. ಒಂದು ಯಂತ್ರ ಲೋಟವನ್ನು ಮೊದಲನೇ ತಿರುವಿನಲ್ಲೇ ಚೆಲ್ಲಿತು. ಇನ್ನೊಂದು ವೃತ್ತದಿಂದ ಹೊರಡಲೇ ಇಲ್ಲ, ಸರ್ಕಾರಿ ಕಚೇರಿಯ ಬಾಗಿಲಲ್ಲಿ ನಿಂತವರ ಹಾಗೆ ನಿಂತಿತ್ತು. ಗೌರಿಯ ಸರದಿ ಬಂದಾಗ ಮೂರು ಜಾಗ ತುಂಬಿ ಒಂದು ಉಳಿದಿತ್ತು. ವಿಜ್ಞಾನದ ಮೇಡಂ ನಿಯಮ ಓದಿದರು: ಮುಟ್ಟುವ ಹಾಗಿಲ್ಲ, ಆಜ್ಞೆ ಮಗುವೇ ಕೊಡಬೇಕು. ಗೌರಿ "ನೀನು, ಆಗೇ" ಎಂದಳು. ಹೊರಟಿತು. ದಾಯೇಂ, ತಿರುಗಿತು. ಆಗೇ, ಆಗೇ, ಮತ್ತೆ ದಾಯೇಂ. ಮನೆಯಲ್ಲಿ ಜನ್ಮೇಪಿ ಸರಿಯಾಗಿ ತಿರುಗದ ಬಲ ತಿರುವನ್ನು ಎರಡು ಸಲ ತಿರುಗಿತು, ಲೋಟದ ನೀರು ತುಳುಕಲಿಲ್ಲ. ಇನ್ನು ಒಂದೇ ಒಂದು ಮೊಳ. ಅಷ್ಟರಲ್ಲಿ ಹೊರಗೆ ಯಾವುದೋ ಮೆರವಣಿಗೆಯ ಮೈಕು ಶುರುವಾಗಿ ಅವಳ ದನಿ ಅದರಲ್ಲಿ ಮುಳುಗಿತು. ಗೌರಿ "ನೀನು" ಎಂದಳು. ದೀಪ ಹತ್ತಲಿಲ್ಲ. ಮತ್ತೆ ಅಂದಳು. ಮೂರನೆಯ ಸಲ ಬಾಯಿಂದ ಬರೀ ಗಾಳಿ ಬಂತು. ಮೇಡಂ ಗಡಿಯಾರ ನೋಡಿದರು. ಹುಡುಗಿಯ ಕಣ್ಣು ತುಂಬಿತು. ರಿಮೋಟು ಇದ್ದಿದ್ದರೆ ಒಂದು ಗುಂಡಿ ಒತ್ತುವ ಕೆಲಸ ಅದು.

ನನ್ನಿಂದ ತಡೆಯಲಾಗಲಿಲ್ಲ. ಮೇಡಂ ಹತ್ತಿರ ಐದು ನಿಮಿಷ ಹೆಚ್ಚು ಕೇಳೋಣ, ಹತ್ತು ಎಂದು ಶುರು ಮಾಡಿ ಐದಕ್ಕೆ ಇಳಿಯೋಣ ಎಂದುಕೊಂಡು ಒಂದು ಹೆಜ್ಜೆ ಮುಂದಿಟ್ಟೆ. ಹಿಂದಿನಿಂದ ಜಯಮ್ಮನ ದನಿ ಬಂತು. ಏಳು ಕೋಣೆಗಳ ಜನವನ್ನು ಒಂದೇ ಕೂಗಿಗೆ ಊಟಕ್ಕೆ ಎಬ್ಬಿಸುವ ದನಿ ಅದು.

"ನೀನು ಹಾಗೇ ನಿಂತಿರು."

ನಾನು ನಿಂತೆ. ನೀಲಿ ದೀಪ ಹತ್ತಿತು. ಗಾಡಿ ಒಂದು ಮೊಳ ಮುಂದೆ ಹೋಗಿ ವೃತ್ತದ ನಡುವೆ ನಿಂತಿತು.

ಆ ಬೆಲೆ ಹೇಳಿಕೊಳ್ಳುತ್ತಿದ್ದ ತಂದೆ ತಕ್ಷಣ ಆಕ್ಷೇಪ ಎತ್ತಿದ. ಇದು ಮಗು ಕೊಟ್ಟ ಆಜ್ಞೆಯಲ್ಲ, ಅಜ್ಜಿ ಏನೋ ಹೇಳಿದರು, ಆಮೇಲೆ ಹೋಯಿತು. ಮೇಡಂ ನನ್ನ ಕಡೆ ತಿರುಗಿದರು. "ಬಾಬೂಜಿ, ಮಾತಾಜಿ ಯಾರಿಗೆ ಹೇಳಿದ್ದು?" ಎಂದು ಹಿಂದಿಯಲ್ಲಿ ಕೇಳಿದರು.

ಆ ಹಾಲಿನಲ್ಲಿ ಕನ್ನಡ ಬಲ್ಲವರು ಮೂರೇ ಜನ. ಯಂತ್ರಕ್ಕೆ ಎಂದರೆ ಗೌರಿ ಹೊರಗೆ. ನನಗೆ ಎಂದರೆ ನಲವತ್ತು ಜನ ತಂದೆತಾಯಿಗಳ ಎದುರು ನಾನು ಹೆಂಡತಿಯಿಂದ ಬೈಸಿಕೊಂಡವನು. ಜಯಮ್ಮ ಮೇಲೆ ಫ್ಯಾನು ನೋಡುತ್ತಿದ್ದಳು. ಗೌರಿ ನನ್ನನ್ನು ನೋಡುತ್ತಿದ್ದಳು.

"ನನಗೇ ಹೇಳಿದ್ದು" ಎಂದೆ.

"ಏನು ಹೇಳಿದರು?"

"ಬಾಯಿ ಮುಚ್ಚಿಕೊಂಡು ಸುಮ್ಮನೆ ನಿಂತಿರು ಅಂತ."

ಹಾಲಿಗೆ ಹಾಲೇ ನಕ್ಕಿತು. ಆಕ್ಷೇಪ ಎತ್ತಿದವನ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಮೇಡಂ ನಗು ತಡೆದುಕೊಂಡು, ಯಂತ್ರ ಮಗುವಿನ ಮಾತನ್ನೇ ತಡವಾಗಿ ಕೇಳಿಸಿಕೊಂಡಿದೆ ಎಂದು ತೀರ್ಮಾನ ಕೊಟ್ಟು, "ಹಾಗಾದರೆ ನಿಂತಿರಿ ಬಾಬೂಜಿ" ಎಂದು ಗೌರಿಯ ಹೆಸರು ಬರೆದುಕೊಂಡರು. ಅವಳು ಓಡಿಬಂದು ನನ್ನ ಸೊಂಟ ತಬ್ಬಿದಳು. ಆಮೇಲೆ ಲೋಟ ಹಿಡಿದು ಎಲ್ಲರ ನಡುವೆ ನಿಂತಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ವಾಪಸು ಬರುವಾಗ ಇ-ರಿಕ್ಷಾದಲ್ಲಿ ಗೌರಿ ಗಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತಿದ್ದಳು. ನಾನು ಜಯಮ್ಮನ ಕಡೆ ಬಾಗಿ ಮೆಲ್ಲಗೆ ಕೇಳಿದೆ. "ನಿಜ ಹೇಳು. ಯಾರಿಗೆ ಅಂದದ್ದು?"

"ನಿಜ ಹೇಳಿ, ಅನ್ನಿ."

"ಪ್ರದರ್ಶನಿ ಮುಗೀತಲ್ಲ, ಇನ್ನೂ ಯಾಕೆ?"

"ನಂಗೆ ಅಭ್ಯಾಸ ಆಗ್ಹೋಯ್ತು."

"ಸರಿ, ನಿಜ ಹೇಳಿ."

"ಯಾರಿಗೆ ಅಂತ ಬೇಕಾದ್ರೂ ಇಟ್ಕೋ" ಎಂದಳು. ಇಟ್ಕೊಳ್ಳಿ ಎನ್ನಲಿಲ್ಲ.

ನಾನು ಮಾತಿಗಿಳಿದೆ. ಮೊದಲಿನ ಹಾಗೆಯೇ ಇರಲಿ ಎಂದೆ, ಒಪ್ಪಲಿಲ್ಲ. ಜನರೆದುರು ನೀನು, ಮನೆಯಲ್ಲಿ ನೀವು ಎಂದೆ, ಒಪ್ಪಲಿಲ್ಲ. ಹೋಗಲಿ, ಇಬ್ಬರೂ ಒಬ್ಬರಿಗೊಬ್ಬರು ನೀವು ಎನ್ನೋಣ, ಇದಕ್ಕಿಂತ ಕಡಿಮೆಗೆ ನನಗೆ ಗಿಟ್ಟುವುದಿಲ್ಲ ಎಂದೆ. "ನೀವು ನಂಗೆ ನೀವು ಅನ್ನಿ. ನಾನು ಏನನ್ನಬೇಕು ಅನ್ನೋದು ಆಯಾ ದಿನ ನೋಡ್ಕೋತೀನಿ" ಎಂದು, ಗಲ್ಲಿಯ ಮೂಲೆಯಲ್ಲಿ ರಿಕ್ಷಾ ನಿಂತಿದ್ದೇ ತಡ, ಇಳಿದು ಹಿಂದೆ ನೋಡದೆ ನಡೆದುಬಿಟ್ಟಳು. ಸೀರೆ ಅಂಗಡಿಯಿಂದ ಹೀಗೆಯೇ ಎದ್ದು ನಡೆಯಿರಿ, ತಿರುಗಿ ನೋಡಬೇಡಿ, ಹತ್ತು ಹೆಜ್ಜೆ ಹೋಗುವುದರೊಳಗೆ ಅಂಗಡಿಯವನೇ ಕೂಗುತ್ತಾನೆ ಎಂದು ಸಾವಿರಾರು ಯಾತ್ರಿಕರಿಗೆ ನಾನು ಹೇಳಿದ್ದನ್ನು ಅವಳು ಒಳಗಿನಿಂದ ಕೇಳಿಸಿಕೊಂಡಿರಬೇಕು. ನಾನು ರಿಕ್ಷಾದಲ್ಲೇ ಕೂತು ಹೆಜ್ಜೆ ಎಣಿಸಿದೆ. ಆರು, ಏಳು. ಎಂಟಕ್ಕೆ ಎದ್ದುನಿಂತೆ.

"ರೀ, ನಿಲ್ಲಿ. ನೀವು ಹೇಳಿದ್ದಕ್ಕೇ ಆಯ್ತು."